ಆಸ್ತಮಾ, ಸಿಒಪಿಡಿ ಎರಡೂ ಇರುವ ನನಗೆ ಈ ಸ್ಪೇಸರ್ ಹೇಗಿದೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದು ಇನ್‌ಹೇಲರ್ ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಸ್ಪೇಸರ್. ಎರಡು ತುಂಡು ಬರುತ್ತದೆ, ಜೋಡಿಸಿದರೆ ಸಣ್ಣ ತೆಂಗಿನಕಾಯಿ ಗಾತ್ರ. ಗದಗಿನಲ್ಲಿ ನಮ್ಮ ಖಾನಾವಳಿ ಪಕ್ಕದ ಔಷಧಿ ಅಂಗಡಿಯಲ್ಲೇ ಕೊಂಡೆ. "ಅಕ್ಕಾರ, ಮಾಸ್ಕ್ ಬ್ಯಾಡ್ರೀ, ಅದು ಸಣ್ಣ ಹುಡುಗರಿಗೆ" ಅಂದ ಅಂಗಡಿ ಹುಡುಗ. ಸುಮ್ನೆ ಜಾಸ್ತಿ ದುಡ್ಡು ಕೀಳಲಿಲ್ಲ, ಒಳ್ಳೆಯ ಹುಡುಗ.

ನನಗೆ ಚಿಕ್ಕಂದಿನಿಂದ ದಮ್ಮು. ಅದರ ಮೇಲೆ ವರ್ಷಗಟ್ಟಲೆ ಕಟ್ಟಿಗೆ ಒಲೆ ಮುಂದೆ ಕೂತು ರೊಟ್ಟಿ ಬಡಿದಿದ್ದೇನೆ. ಬೀಡಿ ಮುಟ್ಟಿದವಳಲ್ಲ. ಸಿಒಪಿಡಿ, ಅಂದರೆ ಉಸಿರುನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬೀಡಿ ಸೇದುವ ಗಂಡಸರಿಗೆ ಮಾತ್ರ ಅಂತ ಹೇಳುವವರು ನಮ್ಮ ಅಡುಗೆಮನೆಗೆ ಬಂದು ಒಂದು ತಾಸು ಕೂರಬೇಕಿತ್ತು. ಆ ಹೊಗೆಯಿಂದಲೂ ಬರುತ್ತದೆ.

ಡಾಕ್ಟರು ಊದುವ ಪರೀಕ್ಷೆ ಮಾಡಿಸಿದರು, ಸ್ಪೈರೊಮೆಟ್ರಿ. ಒಂದು ಸಲ ಊದಿ, ಉಸಿರುನಾಳ ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿ ಎಳೆದು, ಕಾಲು ಗಂಟೆ ಕೂತು, ಮತ್ತೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಬರುವ ಗಾಳಿ ಶೇ 12 ಮತ್ತು 200 ಎಂಎಲ್ ಏರಿದರೇ ಲೆಕ್ಕಕ್ಕೆ ಬರುತ್ತದಂತೆ. ನನ್ನದು ಅದಕ್ಕಿಂತ ಚೆನ್ನಾಗಿ ಏರಿತ್ತು, ಅದು ಆಸ್ತಮಾ ಗುಣ. ಆದರೆ ಅಷ್ಟು ಏರಿದ ಮೇಲೂ, ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇ 70 ಮುಟ್ಟಲಿಲ್ಲ. ಅದು ಸಿಒಪಿಡಿ ಗುಣ. ಎರಡೂ ಒಂದೇ ಎದೆಯಲ್ಲಿ ಇವೆ ಅಂದರು. ಇದಕ್ಕೆ ಬೇರೆ ಹೆಸರು ಕೊಟ್ಟು ಒಂದು ಹೊಸ ರೋಗದ ಹಾಗೆ ಹೇಳುವುದನ್ನು ಗೋಲ್ಡ್ ಎನ್ನುವ ಅಂತರರಾಷ್ಟ್ರೀಯ ಸಂಸ್ಥೆ 2020ರ ವರದಿಯಲ್ಲಿ ಕೈಬಿಟ್ಟಿದೆ. ಎರಡು ರೋಗ ಜೊತೆಗಿರಬಹುದು, ಅಷ್ಟೇ ಅನ್ನುತ್ತಾರೆ. ಏನಾದರೂ ಅನ್ನಲಿ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನನಗೇ ಅಲ್ವಾ.

ಎರಡೂ ಇರುವಾಗ ಸ್ಟೀರಾಯ್ಡ್ ಇನ್‌ಹೇಲರ್ ಬಿಡುವ ಹಾಗಿಲ್ಲ. ಆಸ್ತಮಾ ಇರುವವರು ಸ್ಟೀರಾಯ್ಡ್ ಇಲ್ಲದೆ ಬರೀ ಉಸಿರುನಾಳ ಹಿಗ್ಗಿಸುವ ದೀರ್ಘಾವಧಿ ಔಷಧಿ ತೆಗೆದುಕೊಳ್ಳುವುದು ಅಪಾಯ. ನನಗೆ ಕೊಟ್ಟಿದ್ದು ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಉಸಿರುನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಸೇರಿರುವುದು. ಮೊದಲು ಕ್ಯಾಪ್ಸೂಲ್ ಪುಡಿ ಎಳೆಯುವ ಸಾಧನ ಇತ್ತು. ಅದನ್ನು ಜೋರಾಗಿ ಎಳೆಯಬೇಕು. ದಮ್ಮು ಏರಿದ ದಿನ ಆ ಜೋರು ಎಲ್ಲಿಂದ ತರಲಿ? ಬರೀ ಪಂಪ್ ಇನ್‌ಹೇಲರ್ ಆದರೆ ಒತ್ತುವುದು, ಎಳೆಯುವುದು ಒಂದೇ ಗಳಿಗೆಗೆ ಆಗಬೇಕು. ಇಲ್ಲದಿದ್ದರೆ ಔಷಧಿ ಗಂಟಲಿಗೆ ಬಡಿಯುತ್ತದೆ.

ಸ್ಪೇಸರ್ ಈ ತಾಪತ್ರಯ ತಪ್ಪಿಸಿತು. ಒತ್ತಿದ ಔಷಧಿ ಇದರ ಟೊಳ್ಳಿನಲ್ಲಿ ತುಸು ಹೊತ್ತು ನಿಲ್ಲುತ್ತದೆ, ನಿಧಾನಕ್ಕೆ ಎಳೆಯಬಹುದು. ಇನ್‌ಹೇಲರ್ ಚೆನ್ನಾಗಿ ಅಲ್ಲಾಡಿಸಿ, ಉಸಿರು ಹೊರಬಿಟ್ಟು, ಒಂದು ಸಲ ಒತ್ತಿ, ನಿಧಾನಕ್ಕೆ ಎಳೆದು, ಆದಷ್ಟು ಹೊತ್ತು ಉಸಿರು ಹಿಡಿಯುತ್ತೇನೆ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ದಂಡ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬರುತ್ತದೆ. ಧ್ವನಿ ಒಡೆಯುವುದು ನನಗೆ ಕಡಿಮೆಯಾಗಿದೆ. ಖಾನಾವಳಿಯಲ್ಲಿ ಕೂಗಿ ಕರೆಯುವವಳಿಗೆ ಅದು ಸಣ್ಣ ಲಾಭವಲ್ಲ.

ಈಗ ದೂರು. ಒಳಗಿನ ಚೀಟಿಯಲ್ಲಿ ಒಂದಕ್ಷರ ಕನ್ನಡ ಇಲ್ಲ, ಇರುವ ಇಂಗ್ಲಿಷ್ ಇರುವೆ ಸಾಲು. ತೊಳೆಯುವುದೇ ಮುಖ್ಯ ವಿಷಯ, ಅದನ್ನು ಕೊನೆಯಲ್ಲಿ ಹಾಕಿದ್ದಾರೆ. ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೆ ವಿದ್ಯುತ್ ಹತ್ತಿ ಔಷಧಿ ಗೋಡೆಗೇ ಅಂಟುತ್ತದೆ. ಜೋಡಣೆಯೂ ಬರಬರುತ್ತಾ ಸಡಿಲವಾಗಿದೆ. ಮದುವೆಗೋ ಜಾತ್ರೆಗೋ ಹೋಗುವಾಗ ಪರ್ಸಿನಲ್ಲಿ ಹಿಡಿಸುವುದಿಲ್ಲ.

ಪುಡಿ ಸಾಧನ ಸಲೀಸಾಗಿ ಎಳೆಯುವವರಿಗೆ ಇದು ಬೇಕಿಲ್ಲ. ಪಂಪ್ ಇನ್‌ಹೇಲರ್ ಬಳಸುವವರು ಕೊಳ್ಳಿ. ಕೊಳ್ಳುವ ಮುಂಚೆ ನಿಮ್ಮ ಇನ್‌ಹೇಲರ್ ಅಂಗಡಿಗೇ ಒಯ್ದು ಹಿಂದಿನ ತೂತಿಗೆ ಸರಿಯಾಗಿ ಕೂರುತ್ತದಾ ನೋಡಿ, ಎಲ್ಲ ಮೂತಿಗೂ ಕೂರುವುದಿಲ್ಲ.