ಬಿಸಿನೀರಿನ ಚೀಲ: ಕಾಲಿಗೆ ಆರಾಮ, ಕೌದಿ ಒದ್ದೆ
ಗರ್ಭಕೋಶದ ಆಪರೇಷನ್ ಆಗಿ ವಿಜಯಪುರದ ಮನೆಗೆ ಬಂದ ಮೂರನೇ ರಾತ್ರಿ ಕಾಲಿನ ಕಾಟ ಶುರುವಾಯಿತು. ಹೊಲಿಗೆಯ ನೋವಲ್ಲ, ಮೀನಖಂಡದೊಳಗೆ ಇರುವೆ ಹರಿದಂತೆ. ಮಲಗಿದರೆ ಜಾಸ್ತಿ, ನಡೆದರೆ ಕಡಿಮೆ. ರಾತ್ರಿ ಎರಡಕ್ಕೆ ಪಡಸಾಲೆಯಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದೆ. ಅತ್ತೆ ಎದ್ದು ಬಂದು, "ಯಾಕವ್ವಾ, ನಿದ್ದಿ ಬರವಲ್ದೇನು?" ಎಂದರು.

ಮರುದಿನ ಮಗ ಮೆಡಿಕಲ್ ಅಂಗಡಿಯಿಂದ 280 ರೂಪಾಯಿಗೆ ರಬ್ಬರ್ ಚೀಲ ತಂದ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಿಸಿನೀರು ತುಂಬಿ, ಕುದಿಯುವ ನೀರಲ್ಲ ಮತ್ತೆ, ಟವೆಲ್ ಸುತ್ತಿ 20 ನಿಮಿಷ ಮೀನಖಂಡದ ಕೆಳಗೆ ಇಟ್ಟುಕೊಂಡೆ. ಹೊಟ್ಟೆಯ ಗಾಯದ ಹತ್ತಿರ ಒಯ್ಯಲಿಲ್ಲ. ಆ ರಾತ್ರಿ ಮೂರು ತಾಸು ನಿದ್ದೆ!

ಮುಚ್ಚಳ ಮಾತ್ರ ದಂಡ. ಎರಡನೇ ವಾರಕ್ಕೇ ವಾಷರ್ ಸಡಿಲಾಗಿ ಅತ್ತೆ ಹೊಲಿದ ಕೌದಿ ತೊಯ್ದು ಹೋಯಿತು. ಬದಲಿಸಿ ಕೊಡಿ ಎಂದರೆ ಅಂಗಡಿಯವರು ಬಿಲ್ ಕೇಳಿದರು. ಬಿಲ್ ಕೊಟ್ಟಿದ್ದರೆ ತಾನೆ?

ಚೀಲದಿಂದ ಪೂರ್ತಿ ಗುಣ ಆಗಲಿಲ್ಲ. ಡಾಕ್ಟರು ರಕ್ತದಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ನೋಡಿಸಿದಾಗ, ಅದು ತೀರಾ ಕಡಿಮೆ ಇತ್ತು; ಕಾಲಿನ ಕಾಟಕ್ಕೆ ಅದೂ ಕಾರಣ ಆಗಬಹುದಂತೆ. ಈಗ ಮಾತ್ರೆ ನಡೆದಿದೆ, ಅದರ ಜೊತೆ ಚಹಾ ಕುಡಿಯುವಂತಿಲ್ಲ. ಅದೇ ದೊಡ್ಡ ಸಂಕಟ. ಚೀಲಕ್ಕೆ ಐದರಲ್ಲಿ ಮೂರು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೀರು ತುಂಬಿಸಿ, ತಲೆಕೆಳಗೆ ಹಿಡಿದು ನೋಡಿ.