ಪೈಥಾನ್ ಸಿ ಎಪಿಐನ ಮೆಥಡ್ ಆಬ್ಜೆಕ್ಟ್‌ಗಳು: ಕಟ್ಟುವುದು ಸಲೀಸು, ಬಿಚ್ಚಿ ನೋಡುವುದು ಅರ್ಧಂಬರ್ಧ

ಪೈಥಾನ್‌ಗೆ ಸಿ ಭಾಷೆಯಲ್ಲಿ ಎಕ್ಸ್‌ಟೆನ್ಷನ್ (ಪೈಥಾನ್‌ನಿಂದ ಕರೆಯಬಹುದಾದ ಸಿ ಕೋಡ್) ಬರೆಯುವವರು ಅದಕ್ಕಿರುವ ಸಿ ಎಪಿಐನಲ್ಲಿ, ಮೆಥಡ್ ಕಟ್ಟುವ ಪೈಮೆಥಡ್_ನ್ಯೂ, ಮೆಥಡ್ ಹೌದಾ ಅಂತ ನೋಡುವ ಪೈಮೆಥಡ್_ಚೆಕ್ ಅನ್ನುವ ಹೆಸರುಗಳನ್ನು ಎಲ್ಲೋ ಒಂದು ಕಡೆ ನೋಡಿರುತ್ತಾರೆ. ಕೈಯಾರೆ ಬಳಸಿದವರು ಮಾತ್ರ ಕಡಿಮೆ. ನಮ್ಮ ಕೋಡ್‌ನಲ್ಲಿ ಇವು ದಿನವೂ ಓಡುತ್ತವೆ. ಹಾಗಾಗಿ ಇವುಗಳ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಮೆಥಡ್ ಕಟ್ಟುವ ಭಾಗ ತುಂಬಾ ಚೆನ್ನಾಗಿದೆ, ಧೈರ್ಯವಾಗಿ ಬಳಸಿ. ಬಿಚ್ಚಿ ನೋಡುವ ಭಾಗ ಅರ್ಧ ಕೆಲಸ ಮಾಡಿ ಸುಮ್ಮನಾಗುತ್ತದೆ, ಉಳಿದದ್ದನ್ನು ನೀವೇ ಬರೆದುಕೊಳ್ಳಬೇಕು.

ಮೈಸೂರಿನಲ್ಲಿರುವ ನಮ್ಮ ಸಣ್ಣ ತಂಡ ಎಲೆಕ್ಟ್ರಾನಿಕ್ ತಕ್ಕಡಿಗಳಿಂದ ತೂಕ ಓದುವ ಸಿ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತದೆ. ತಕ್ಕಡಿ ಸೀರಿಯಲ್ ಪೋರ್ಟ್‌ನಲ್ಲಿ ಅಂಕಿ ಕಳಿಸುತ್ತದೆ, ಸಿ ಕೋಡ್ ಓದುತ್ತದೆ, ಪೈಥಾನ್ ಕಡೆಯವರು ಕೊಟ್ಟ ಕಾಲ್‌ಬ್ಯಾಕ್ ಅನ್ನು, ಅಂದರೆ ಮುಂದೆ ಕರೆಯಲಿ ಅಂತ ಕೊಟ್ಟಿಟ್ಟ ಫಂಕ್ಷನ್ ಅನ್ನು, ಕರೆಯುತ್ತದೆ. ಬಳಸುವವರು ಬರೆಯುವುದು ಒಂದೇ ಸಾಲು: ತಕ್ಕಡಿ.ಬದಲಾದಾಗ(ಪರದೆ.ತೋರಿಸು). ಈ ಒಂದು ಸಾಲು ಸರಿಯಾಗಿ ನಡೆಯಬೇಕಾದರೆ ಮೆಥಡ್ ಅಂದರೆ ಒಳಗೆ ಏನು ಅಂತ ಸಿ ಕಡೆಯಿಂದ ಗೊತ್ತಿರಲೇಬೇಕು.

ಪರದೆ.ತೋರಿಸು ಅಂತ ಬರೆದು ಯಾರಿಗಾದರೂ ಕೊಟ್ಟ ತಕ್ಷಣ ಪೈಥಾನ್ ಅಲ್ಲೇ ಒಂದು ಪುಟ್ಟ ಆಬ್ಜೆಕ್ಟ್ ಹುಟ್ಟಿಸುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಎರಡು ಪಾಯಿಂಟರ್. ಐಎಂ_ಫಂಕ್ ಅನ್ನುವುದು ಕರೆಯಬೇಕಾದ ಫಂಕ್ಷನ್. ಐಎಂ_ಸೆಲ್ಫ್ ಅನ್ನುವುದು ಯಾರ ಮೇಲೆ ಕರೆಯಬೇಕೋ ಆ ಆಬ್ಜೆಕ್ಟ್. ಜೊತೆಗೆ ವೀಕ್ ರೆಫರೆನ್ಸ್‌ಗಳ (ಆಬ್ಜೆಕ್ಟ್ ಅನ್ನು ತೋರಿಸುವ, ಆದರೆ ಬದುಕಿಸಿ ಇಡದ ಕೊಂಡಿಗಳ) ಪಟ್ಟಿಗೆ ಒಂದು ಜಾಗ, ಪೈಥಾನ್ 3.8ರಿಂದ ಈಚೆಗೆ ವೆಕ್ಟರ್‌ಕಾಲ್ ಅನ್ನುವ ವೇಗದ ಕರೆಯುವ ವಿಧಾನಕ್ಕೆ ಒಂದು ಪಾಯಿಂಟರ್. ಇಷ್ಟೇ. ಪೈಥಾನ್ ಕಡೆಯಿಂದ ಇದೇ ಟೈಪ್ ಅನ್ನು ಟೈಪ್ಸ್ ಮಾಡ್ಯೂಲ್‌ನ ಮೆಥಡ್‌ಟೈಪ್ ಅಂತ ನೋಡುತ್ತೇವೆ.

ಈಗ ನಮ್ಮ ಕಷ್ಟ ಕೇಳಿ. ಕಾಲ್‌ಬ್ಯಾಕ್ ಅಂತ ಈ ಮೆಥಡ್ ಅನ್ನು ಹಾಗೇ ಹಿಡಿದಿಟ್ಟುಕೊಂಡರೆ, ಅದರ ಮೂಲಕ ಪರದೆಯನ್ನೂ ಹಿಡಿದಿಟ್ಟ ಹಾಗಾಯಿತು. ಬಳಸುವವರು ಕಿಟಕಿ ಮುಚ್ಚಿದರೂ ಆ ಆಬ್ಜೆಕ್ಟ್ ಸಾಯುವುದಿಲ್ಲ. ಸರಿ, ಮೆಥಡ್‌ಗೆ ವೀಕ್ ರೆಫರೆನ್ಸ್ ಇಟ್ಟುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ಆ ಪುಟ್ಟ ಆಬ್ಜೆಕ್ಟ್ ಆ ಸಾಲಿನ ಮಟ್ಟಿಗೆ ಹುಟ್ಟಿದ್ದು, ಬೇರೆ ಯಾರೂ ಹಿಡಿದಿಲ್ಲದಿದ್ದರೆ ಸಾಲು ಮುಗಿದ ಕೂಡಲೇ ಹೋಗಿರುತ್ತದೆ. ವೀಕ್ ರೆಫರೆನ್ಸ್ ಹುಟ್ಟುವಾಗಲೇ ಖಾಲಿ.

ಇಲ್ಲಿ ಈ ಎಪಿಐ ನಿಜವಾಗಿ ಬೆಲೆ ಬಾಳುತ್ತದೆ. ಬಂದ ಮೆಥಡ್ ಅನ್ನು ಬಿಚ್ಚಿ, ಪೈಮೆಥಡ್_ಫಂಕ್ಷನ್‌ನಿಂದ ಫಂಕ್ಷನ್ ತೆಗೆದು ಗಟ್ಟಿಯಾಗಿ ಹಿಡಿಯಿರಿ. ಪೈಮೆಥಡ್_ಸೆಲ್ಫ್‌ನಿಂದ ಆಬ್ಜೆಕ್ಟ್ ತೆಗೆದು ಅದಕ್ಕೆ ವೀಕ್ ರೆಫರೆನ್ಸ್ ಮಾತ್ರ ಇಡಿ. ತೂಕ ಬದಲಾದಾಗ ಆಬ್ಜೆಕ್ಟ್ ಇನ್ನೂ ಇದೆಯಾ ನೋಡಿ, ಇದ್ದರೆ ಪೈಮೆಥಡ್_ನ್ಯೂ ಕರೆದು ಎರಡನ್ನೂ ಮತ್ತೆ ಜೋಡಿಸಿ. ಪೈಥಾನ್ ಕಡೆ 3.4ರಲ್ಲಿ ಬಂದ ವೀಕ್‌ಮೆಥಡ್ ಮಾಡುವುದೂ ಇದೇ ಕೆಲಸ. ನಮಗೆ ಸಿ ಕಡೆ ಬೇಕಿತ್ತು, ಮೂರು ಕರೆಗಳಲ್ಲಿ ಮುಗಿಯಿತು. ವೀಕ್ ರೆಫರೆನ್ಸ್‌ನಿಂದ ಆಬ್ಜೆಕ್ಟ್ ತೆಗೆಯಲು 3.13ರಲ್ಲಿ ಪೈವೀಕ್‌ರೆಫ್_ಗೆಟ್‌ರೆಫ್ ಬಂದಿದೆ, ಗಟ್ಟಿ ರೆಫರೆನ್ಸ್ ಕೊಡುತ್ತದೆ. ಹಳೆಯ ಪೈವೀಕ್‌ರೆಫ್_ಗೆಟ್‌ಆಬ್ಜೆಕ್ಟ್ ಬಿಟ್ಟುಬಿಡಿ. ಒಂದು ಎಚ್ಚರ: ಬಳಸುವವರ ಕ್ಲಾಸ್‌ನಲ್ಲಿ __ಸ್ಲಾಟ್ಸ್__ (ಆಬ್ಜೆಕ್ಟ್‌ನಲ್ಲಿ ಏನೇನು ಇರಬಹುದು ಅಂತ ಮೊದಲೇ ಹೇಳುವ ಪಟ್ಟಿ) ಇದ್ದು ಅದರಲ್ಲಿ __ವೀಕ್‌ರೆಫ್__ ಸೇರಿಸಿಲ್ಲದಿದ್ದರೆ ವೀಕ್ ರೆಫರೆನ್ಸ್ ಮಾಡಲು ಹೋದಾಗ ಟೈಪ್‌ಎರರ್ ಬರುತ್ತದೆ. ಅಂಥವರಿಗೆ ಗಟ್ಟಿಯಾಗಿ ಹಿಡಿಯುವುದೇ ದಾರಿ.

ಪೈಮೆಥಡ್_ಫಂಕ್ಷನ್, ಪೈಮೆಥಡ್_ಸೆಲ್ಫ್ ಎರಡೂ ಕೊಡುವುದು ಬಾರೋಡ್ ರೆಫರೆನ್ಸ್, ಅಂದರೆ ನಮ್ಮದಲ್ಲದ, ಎರವಲು ತಂದ ಕೊಂಡಿ. ಈ ಮಾತು ಕೇಳಿದರೆ ಸಿ ಎಪಿಐ ಬಲ್ಲವರು ಹುಬ್ಬು ಗಂಟು ಹಾಕುತ್ತಾರೆ, ನ್ಯಾಯವಾಗಿಯೇ. ಲಿಸ್ಟ್‌ನಿಂದ ಹೀಗೆ ತೆಗೆದದ್ದನ್ನು ನೀವು ನೋಡುತ್ತಿರುವಾಗಲೇ ಇನ್ಯಾರೋ ಲಿಸ್ಟ್ ಬದಲಿಸಿಬಿಡಬಹುದು. ಇಲ್ಲಿ ಆ ಭಯ ಇಲ್ಲ. ಮೆಥಡ್‌ನ __ಫಂಕ್__, __ಸೆಲ್ಫ್__ ಎರಡೂ ಓದಲು ಮಾತ್ರ, ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಮೆಥಡ್ ನಿಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಒಳಗಿನದೂ ಭದ್ರ. ಮೆಥಡ್ ಬಿಡುವ ಮುಂಚೆ ಫಂಕ್ಷನ್‌ನ ರೆಫರೆನ್ಸ್ ಎಣಿಕೆ (ಎಷ್ಟು ಕಡೆ ಹಿಡಿದಿದ್ದಾರೆ ಅನ್ನುವ ಲೆಕ್ಕ) ಏರಿಸಿಕೊಳ್ಳಿ, ಸಾಕು. 3.10ರಿಂದ ಪೈ_ನ್ಯೂರೆಫ್ ಇದೆ, ಒಂದೇ ಸಾಲಿನ ಕೆಲಸ.

ಪೈಮೆಥಡ್_ನ್ಯೂ ಬಗ್ಗೆ ಹೇಳುವಾಗ ನನಗೆ ಖುಷಿಯೇ ಜಾಸ್ತಿ. ಎರಡು ಆರ್ಗ್ಯುಮೆಂಟ್ ಕೊಡಿ, ಮೆಥಡ್ ತಗೊಳ್ಳಿ. ಪೈಥಾನ್ 2ರ ಕಾಲದಲ್ಲಿ ಮೂರು ಇದ್ದವು: ಫಂಕ್ಷನ್, ಸೆಲ್ಫ್, ಕ್ಲಾಸ್. ಸೆಲ್ಫ್ ಜಾಗದಲ್ಲಿ ನಲ್ (ಖಾಲಿ ಪಾಯಿಂಟರ್) ಕೊಟ್ಟರೆ ಅನ್‌ಬೌಂಡ್ ಮೆಥಡ್, ಅಂದರೆ ಯಾವ ಆಬ್ಜೆಕ್ಟ್‌ಗೂ ಅಂಟಿರದ ಮೆಥಡ್, ಆಗುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ 3.0ರಲ್ಲಿ ಆ ಅನ್‌ಬೌಂಡ್ ಮೆಥಡ್ ಅನ್ನೇ ತೆಗೆದರು, ಮೂರನೆಯ ಆರ್ಗ್ಯುಮೆಂಟೂ ಹೋಯಿತು. ಒಳ್ಳೆಯದೇ ಆಯಿತು. ಈಗ ಸೆಲ್ಫ್ ಜಾಗದಲ್ಲಿ ನಲ್ ಕೊಟ್ಟರೆ ಸಿಸ್ಟಮ್‌ಎರರ್ ಬರುತ್ತದೆ. ಅದರ ಸಂದೇಶದಲ್ಲಿ ಕಾಣುವ ಫೈಲ್ ಹೆಸರು ಕ್ಲಾಸ್‌ಆಬ್ಜೆಕ್ಟ್.ಸಿ. ಮೆಥಡ್ ಕೋಡ್ ಈ ಫೈಲ್‌ನಲ್ಲಿ ಯಾಕಿದೆ ಅಂತ ಹೊಸಬರಿಗೆ ಗೊಂದಲ ಆಗುತ್ತದೆ. ಹಳೆಯ ಕಾಲದ ಕ್ಲಾಸ್‌ಗಳು ಇದ್ದ ಮನೆ ಅದು. ಅವು ಹೋದವು, ಮೆಥಡ್‌ಗಳು ಉಳಿದವು.

ಒಂದು ಕೊರತೆ ಇದೆ. ಪೈಮೆಥಡ್_ನ್ಯೂ ನೀವು ಕೊಟ್ಟ ಫಂಕ್ಷನ್ ಕರೆಯಲು ಬರುತ್ತದಾ ಅಂತ ನೋಡುವುದೇ ಇಲ್ಲ. ಒಂದು ಪೂರ್ಣಾಂಕ ಕೊಟ್ಟರೂ ಮೆಥಡ್ ಮಾಡಿಕೊಡುತ್ತದೆ, ತಪ್ಪು ಗೊತ್ತಾಗುವುದು ಮುಂದೆ ಕರೆದಾಗ. ಹೊರಗಿನಿಂದ ಬಂದದ್ದನ್ನು ಪೈಕಾಲಬಲ್_ಚೆಕ್ ಮಾಡಿಯೇ ಒಳಗೆ ಬಿಡಿ.

ವೇಗದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಮೆಥಡ್ ಕರೆದಾಗ ಆರ್ಗ್ಯುಮೆಂಟ್‌ಗಳ ಮುಂದೆ ಸೆಲ್ಫ್ ಸೇರಿಸಬೇಕಲ್ವಾ? 3.8ರ ವೆಕ್ಟರ್‌ಕಾಲ್ ಬಂದ ಮೇಲೆ, ಕರೆಯುವವರು ಮೊದಲ ಆರ್ಗ್ಯುಮೆಂಟ್‌ಗಿಂತ ಮುಂಚೆ ಒಂದು ಜಾಗ ಬಿಟ್ಟಿದ್ದರೆ ಪೈಥಾನ್ ಸೆಲ್ಫ್ ಅನ್ನು ಅಲ್ಲೇ ಇಟ್ಟು, ಕೆಲಸ ಮುಗಿದ ಮೇಲೆ ಹಳೆಯದನ್ನು ವಾಪಸ್ ಇಡುತ್ತದೆ. ಸಾಲು ನಕಲು ಮಾಡುವ ಖರ್ಚು ಉಳಿಯಿತು. ಸುಮ್ನೆ ಕರೆಯುವುದಷ್ಟೇ ಬೇಕಿದ್ದರೆ ಮೆಥಡ್ ಕಟ್ಟಲೇಬೇಡಿ. 3.9ರಿಂದ ಪೈಆಬ್ಜೆಕ್ಟ್_ವೆಕ್ಟರ್‌ಕಾಲ್‌ಮೆಥಡ್ ಇದೆ, ಅದು ಸಾಧ್ಯವಾದಲ್ಲೆಲ್ಲ ನಡುವಿನ ಆಬ್ಜೆಕ್ಟ್ ಹುಟ್ಟಿಸದೆ ಕರೆಯುತ್ತದೆ.

ಇನ್ನು ನನಗೆ ಬೇಸರ ತಂದ ಭಾಗ. ಪೈಮೆಥಡ್_ಚೆಕ್ ಹೌದು ಅನ್ನುವುದು ಒಂದೇ ಒಂದು ಟೈಪ್‌ಗೆ. ನಮ್ಮ ಲೈಬ್ರರಿ ಬಳಸುವವರು ತುಂಬಾ ಸಲ ಹೀಗೆ ಬರೆಯುತ್ತಾರೆ: ತೂಕಗಳು ಅಂತ ಒಂದು ಲಿಸ್ಟ್, ತಕ್ಕಡಿ.ಬದಲಾದಾಗ(ತೂಕಗಳು.ಅಪೆಂಡ್). ಸಹಜವಾದ ಕೋಡ್. ಯಾರ ಕಣ್ಣಿಗೂ ಅದು ಮೆಥಡ್. ಪೈಮೆಥಡ್_ಚೆಕ್ ಮಾತ್ರ ಅಲ್ಲ ಅನ್ನುತ್ತದೆ, ಯಾಕೆಂದರೆ ಸಿಯಲ್ಲಿ ಬರೆದ ಮೆಥಡ್‌ಗಳನ್ನು ಆಬ್ಜೆಕ್ಟ್‌ನಿಂದ ತೆಗೆದಾಗ ಬರುವುದು ಬಿಲ್ಟ್‌ಇನ್ ಫಂಕ್ಷನ್ ಟೈಪ್. ಅದನ್ನು ಹಿಡಿಯಲು ಪೈಸಿಫಂಕ್ಷನ್_ಚೆಕ್, ಸೆಲ್ಫ್ ತೆಗೆಯಲು ಪೈಸಿಫಂಕ್ಷನ್_ಗೆಟ್‌ಸೆಲ್ಫ್. ಅಲ್ಲಿ ಇನ್ನೊಂದು ತೊಡಕು. ಪ್ರಿಂಟ್ ಅನ್ನು ಕಾಲ್‌ಬ್ಯಾಕ್ ಆಗಿ ಕೊಟ್ಟರೆ ಅದಕ್ಕೂ ಸೆಲ್ಫ್ ಇರುತ್ತದೆ, ಆ ಸೆಲ್ಫ್ ಬಿಲ್ಟ್‌ಇನ್ಸ್ ಮಾಡ್ಯೂಲ್! ಅಂದರೆ ಸೆಲ್ಫ್ ಇದೆ ಅಂದ ಮಾತ್ರಕ್ಕೆ ಮೆಥಡ್ ಅಂತ ತಿಳಿಯುವ ಹಾಗಿಲ್ಲ, ಅದು ಮಾಡ್ಯೂಲ್ ಅಲ್ಲ ಅಂತಲೂ ನೋಡಬೇಕು. ಮೇಲಾಗಿ ಸಾದಾ ಲಿಸ್ಟ್‌ಗೆ ವೀಕ್ ರೆಫರೆನ್ಸ್ ಇಡಲು ಬರುವುದಿಲ್ಲ. ಹಾಗಾಗಿ ತೂಕಗಳು.ಅಪೆಂಡ್ ಬಂದರೆ ನಾವು ಗಟ್ಟಿಯಾಗಿಯೇ ಹಿಡಿಯುತ್ತೇವೆ. ಕ್ಲಾಸ್‌ಮೆಥಡ್ (ಕ್ಲಾಸ್ ಅನ್ನೇ ಮೊದಲ ಆರ್ಗ್ಯುಮೆಂಟ್ ಆಗಿ ಪಡೆಯುವ ಮೆಥಡ್) ಕೊಟ್ಟರೆ ಪೈಮೆಥಡ್_ಚೆಕ್ ಹೌದು ಅನ್ನುತ್ತದೆ, ಆದರೆ ಸೆಲ್ಫ್ ಜಾಗದಲ್ಲಿ ಬರುವುದು ಕ್ಲಾಸ್. ನಮ್ಮ ಲಾಗ್‌ನಲ್ಲಿ ಯಾರ ಮೆಥಡ್ ಅಂತ ಬರೆಯುವ ಸಾಲು ಇದೆ, ಅಲ್ಲಿ ಇದನ್ನು ಬೇರೆಯಾಗಿ ನೋಡಬೇಕಾಯಿತು. ಇಷ್ಟನ್ನೂ ಸೇರಿಸಿ ಒಂದೇ ಕರೆಯಲ್ಲಿ ಉತ್ತರ ಕೊಡುವ ಫಂಕ್ಷನ್ ಒಂದು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕಾಲ್‌ಬ್ಯಾಕ್ ತೆಗೆದುಹಾಕುವಾಗಲೂ ಜೋಪಾನ. ಪರದೆ.ತೋರಿಸು ಅಂತ ಪ್ರತಿ ಸಲ ಬರೆದಾಗಲೂ ಹೊಸ ಆಬ್ಜೆಕ್ಟ್, ಆದ್ದರಿಂದ ಪಾಯಿಂಟರ್ ಹೋಲಿಸಿದರೆ ಸಿಗುವುದೇ ಇಲ್ಲ. ಒಳಗಿನ ಎರಡನ್ನೂ ಹೋಲಿಸಬೇಕು. 3.8ಕ್ಕಿಂತ ಮುಂಚೆ ಎರಡು ಮೆಥಡ್ ಸಮಾನವೇ ಅಂತ ಕೇಳಿದರೆ ಸೆಲ್ಫ್‌ಗಳು ಸಮಾನವೇ ಅಂತ ನೋಡುತ್ತಿತ್ತು. ಒಂದೇ ತೂಕ ತೋರಿಸುವ ಎರಡು ಬೇರೆ ಆಬ್ಜೆಕ್ಟ್‌ಗಳು ಸಮಾನ ಅಂತ ಕ್ಲಾಸ್ ಹೇಳಿದ್ದರೆ ತಪ್ಪು ಕಾಲ್‌ಬ್ಯಾಕ್ ಹೊರಟುಹೋಗುವ ಅಪಾಯ ಇತ್ತು. 3.8ರಿಂದ ಅದೇ ಆಬ್ಜೆಕ್ಟಾ ಅಂತ ನೋಡುತ್ತದೆ. ನನ್ನ ಮಟ್ಟಿಗೆ ಈ ಬದಲಾವಣೆ ಬಹಳ ಸರಿಯಾದದ್ದು.

ಕೆಲವರು ಗಮನಿಸದ ಒಂದು ರತ್ನ ಇದೇ ಗುಂಪಿನಲ್ಲಿದೆ: ಪೈಇನ್‌ಸ್ಟನ್ಸ್‌ಮೆಥಡ್_ನ್ಯೂ. ನಾವು ನೋಡುವ ತಕ್ಕಡಿಗಳಲ್ಲಿ ಒಂದೊಂದರ ಕಮಾಂಡ್ ಪಟ್ಟಿ ಒಂದೊಂದು ಥರ. ಸೊನ್ನೆ ಮಾಡು, ಟೇರ್ ಮಾಡು (ಪಾತ್ರೆಯ ತೂಕ ಕಳೆ), ಯೂನಿಟ್ ಬದಲಿಸು. ಯಂತ್ರ ಜೋಡಿಸಿದ ಮೇಲೆಯೇ ಪಟ್ಟಿ ಗೊತ್ತಾಗುವುದು. ಆಗ ಕ್ಲಾಸ್‌ಗೆ ಓಡುವಾಗಲೇ ಮೆಥಡ್ ಸೇರಿಸಬೇಕು. ಪೈಸಿಫಂಕ್ಷನ್_ನ್ಯೂ ಕರೆದು ಸಿ ಫಂಕ್ಷನ್ ಮಾಡಿ ಕ್ಲಾಸ್‌ನಲ್ಲಿ ಇಟ್ಟರೆ ಕೆಲಸ ಆಗುವುದಿಲ್ಲ. ಬಿಲ್ಟ್‌ಇನ್ ಫಂಕ್ಷನ್‌ಗೆ ಆಬ್ಜೆಕ್ಟ್ ಜೊತೆ ತಾನಾಗಿ ಅಂಟಿಕೊಳ್ಳುವ ಗುಣ ಇಲ್ಲ, ತಕ್ಕಡಿ.ಸೊನ್ನೆ() ಅಂದಾಗ ತಕ್ಕಡಿ ಒಳಗೆ ಬರುವುದೇ ಇಲ್ಲ. ಅದನ್ನೇ ಪೈಇನ್‌ಸ್ಟನ್ಸ್‌ಮೆಥಡ್_ನ್ಯೂನಲ್ಲಿ ಸುತ್ತಿ ಇಡಿ. ಆಬ್ಜೆಕ್ಟ್ ಮೂಲಕ ಕೇಳಿದಾಗ ಒಳಗೇ ಪೈಮೆಥಡ್_ನ್ಯೂ ಕರೆದು ಸರಿಯಾದ ಮೆಥಡ್ ಕೊಡುತ್ತದೆ. ಕ್ಲಾಸ್ ಮೂಲಕ ಕೇಳಿದರೆ ಒಳಗಿನ ಫಂಕ್ಷನ್ ಅನ್ನೇ ಕೊಡುತ್ತದೆ. ಪೈಥಾನ್ ಕಡೆಯಿಂದ ಈ ಟೈಪ್ ಅನ್ನು ಹೆಸರು ಹಿಡಿದು ತೆಗೆದುಕೊಳ್ಳಲು ಆಗುವುದಿಲ್ಲ, ಸಿ ಬರೆಯುವವರಿಗೆ ಮಾತ್ರ ಇರುವ ಸೌಲಭ್ಯ ಇದು.

ಇದರಲ್ಲಿ ನನಗೆ ಅತಿ ಇಷ್ಟವಾದ ಸಂಗತಿ: ನಿಮ್ಮ ಸಿ ಫಂಕ್ಷನ್‌ನ ಮೊದಲ ಪ್ಯಾರಾಮೀಟರ್‌ಗೆ ಬರುವುದು ತಕ್ಕಡಿ ಅಲ್ಲ, ಪೈಸಿಫಂಕ್ಷನ್_ನ್ಯೂ ಕರೆದಾಗ ನೀವು ಕೊಟ್ಟ ಆಬ್ಜೆಕ್ಟ್. ತಕ್ಕಡಿ ಬರುವುದು ಆರ್ಗ್ಯುಮೆಂಟ್ ಟುಪಲ್‌ನ ಮೊದಲ ಸ್ಥಾನದಲ್ಲಿ. ಹಾಗಾದರೆ ಆ ಮೊದಲ ಜಾಗ ನಮ್ಮದೇ ಅಲ್ವಾ! ನಾವು ಅಲ್ಲಿ ಕಮಾಂಡ್ ಸಂಖ್ಯೆಯನ್ನು ಇಟ್ಟಿದ್ದೇವೆ. ಎಲ್ಲ ಕಮಾಂಡ್‌ಗಳಿಗೂ ಒಂದೇ ಸಿ ಫಂಕ್ಷನ್, ಯಾವ ಕಮಾಂಡ್ ಅಂತ ಆ ಸಂಖ್ಯೆ ಹೇಳುತ್ತದೆ. ಆದರೆ ಫಂಕ್ಷನ್‌ನ ಹೆಸರು, ವಿವರ ಇರುವ ಪೈಮೆಥಡ್‌ಡೆಫ್ ಸ್ಟ್ರಕ್ಟ್ ಒಂದೇ ಇಟ್ಟರೆ ಎಲ್ಲದರ __ನೇಮ್__ ಒಂದೇ ಆಗಿಬಿಡುತ್ತದೆ. ಪ್ರತಿ ಹೆಸರಿಗೂ ಬೇರೆ ಸ್ಟ್ರಕ್ಟ್ ಬೇಕು. ಫಂಕ್ಷನ್ ಅದರ ಪಾಯಿಂಟರ್ ಅನ್ನಷ್ಟೇ ಇಟ್ಟುಕೊಳ್ಳುವುದರಿಂದ, ಫಂಕ್ಷನ್ ಬದುಕಿರುವವರೆಗೂ ಆ ಸ್ಟ್ರಕ್ಟ್ ಇರಲೇಬೇಕು. ಕ್ಲಾಸ್ ಕೂಡ ಹೀಪ್ ಟೈಪ್ (ಓಡುವಾಗ ಹುಟ್ಟಿಸಿದ ಟೈಪ್) ಆಗಿರಲಿ. ಸಿ ಕೋಡ್‌ನಲ್ಲೇ ಮೊದಲೇ ಬರೆದಿಟ್ಟ ಸ್ಟ್ಯಾಟಿಕ್ ಟೈಪ್ ಆದರೆ ಹೊರಗಿನಿಂದ ಸೇರಿಸಲು ಪೈಥಾನ್ ಬಿಡುವುದಿಲ್ಲ.

ಅಧಿಕೃತ ದಾಖಲೆ ತೀರಾ ಚಿಕ್ಕದು. ಪ್ರತಿ ಕರೆಗೆ ಒಂದೆರಡು ವಾಕ್ಯ, ಉದಾಹರಣೆ ಇಲ್ಲ. ಕ್ಲಾಸ್‌ಆಬ್ಜೆಕ್ಟ್.ಸಿ ತೆರೆದು ಓದಿದರೆ ಜಾಸ್ತಿ ತಿಳಿಯುತ್ತದೆ. ಫೈಲ್ ಉದ್ದ ಇಲ್ಲ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಪೈಮೆಥಡ್_ಗೆಟ್_ಸೆಲ್ಫ್ ಥರದ ದೊಡ್ಡಕ್ಷರದ ರೂಪಗಳು ಸಾಮಾನ್ಯ ಬಿಲ್ಡ್‌ನಲ್ಲಿ ಟೈಪ್ ಪರೀಕ್ಷೆ ಮಾಡುವುದಿಲ್ಲ ಅನ್ನುವುದನ್ನು ನೆನಪಿಡಿ. ಚೆಕ್ ಮಾಡಿದ ಮೇಲೆ ಮಾತ್ರ ಅವನ್ನು ಬಳಸಿ.

ಕಟ್ಟುವ ಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ. ನೋಡುವ ಭಾಗಕ್ಕೆ ಮೂರು.

ಬಳಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ನೀವು ಸ್ಟೇಬಲ್ ಎಬಿಐಗೆ, ಅಂದರೆ ಒಂದೇ ಬಿಲ್ಡ್ ಪೈಥಾನ್‌ನ ಹಲವು ಆವೃತ್ತಿಗಳಲ್ಲಿ ಓಡುವ ಹಾಗೆ, ಬಿಲ್ಡ್ ಮಾಡುತ್ತೀರಾ? ಅದಕ್ಕಾಗಿ 3.2ರಲ್ಲಿ ಬಂದ ಲಿಮಿಟೆಡ್ ಎಪಿಐ ಒಳಗೆ ಪೈಮೆಥಡ್_ನ್ಯೂ, ಪೈಮೆಥಡ್_ಚೆಕ್ ಯಾವುದೂ ಇಲ್ಲ. ನಾವು ಪೈಥಾನ್‌ನ ಪ್ರತಿ ಆವೃತ್ತಿಗೂ ಬೇರೆ ವ್ಹೀಲ್ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಪ್ಯಾಕೇಜ್ ಫೈಲ್) ಕಟ್ಟುತ್ತೇವೆ, ಹಾಗಾಗಿ ನೇರವಾಗಿ ಬಳಸುತ್ತೇವೆ. ಒಂದೇ ವ್ಹೀಲ್ ಎಲ್ಲ ಕಡೆ ಓಡಬೇಕು ಅನ್ನುವವರು ಟೈಪ್ಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಮೆಥಡ್‌ಟೈಪ್ ತೆಗೆದು, ಅದನ್ನೇ ಫಂಕ್ಷನ್ ಮತ್ತು ಆಬ್ಜೆಕ್ಟ್ ಕೊಟ್ಟು ಕರೆಯಿರಿ. ಬಿಚ್ಚಿ ನೋಡಲು ಪೈಆಬ್ಜೆಕ್ಟ್_ಗೆಟ್‌ಆಟ್ರ್‌ಸ್ಟ್ರಿಂಗ್‌ನಿಂದ __ಸೆಲ್ಫ್__, __ಫಂಕ್__ ಕೇಳಿ. ಸ್ವಲ್ಪ ನಿಧಾನ, ಆದರೆ ಹೀಗೆ ಬಂದದ್ದು ಗಟ್ಟಿ ರೆಫರೆನ್ಸ್, ಮತ್ತು ಕರೆಯಲು ಬಾರದ್ದನ್ನು ಕೊಟ್ಟರೆ ಮೆಥಡ್‌ಟೈಪ್ ಅಲ್ಲೇ ಟೈಪ್‌ಎರರ್ ಎತ್ತುತ್ತದೆ.