ನನ್ನ ಮೊದಲ ಮರದ ಲೇತ್: ಮೂರು ವರ್ಷ ಬಳಸಿದ ಮೇಲೆ

ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಈ ಯಂತ್ರ, ಅಂದರೆ ಲೇತ್, ತಂದ ಮೂರು ವರ್ಷದಲ್ಲಿ ನನ್ನ ಎಡಗೈ ಅತಿ ಹೆಚ್ಚು ಸಲ ಹಿಡಿದದ್ದು ಅಂಗೈಯುದ್ದದ ಒಂದು ಲಿವರನ್ನು. ಉಳಿಗೆ ಆಸರೆಯಾಗುವ ಟೂಲ್ ರೆಸ್ಟನ್ನು ಹೊತ್ತುಕೊಂಡು, ಲೇತ್‌ನ ಉದ್ದನೆಯ ಅಡಿಪೀಠವಾದ ಬೆಡ್ ಮೇಲೆ ಹಿಂದೆ ಮುಂದೆ ಜಾರುವ ಎರಕದ ಕಬ್ಬಿಣದ ತುಂಡಿಗೆ ಬ್ಯಾಂಜೊ ಅನ್ನುತ್ತಾರೆ. ಆ ಬ್ಯಾಂಜೊವನ್ನು ಬೆಡ್‌ಗೆ ಬಿಗಿಯುವ ಲಿವರ್ ಇದು. ಒಂದು ಬಟ್ಟಲು ಕಡೆದು ಮುಗಿಸುವಷ್ಟರಲ್ಲಿ ಇದನ್ನು ಮೂವತ್ತು ನಲವತ್ತು ಸಲವಾದರೂ ಸಡಿಲಿಸಿ ಬಿಗಿಯಬೇಕಾಗುತ್ತದೆ. ಲೇತ್ ಆರಿಸುವಾಗ ಮೋಟಾರ್ ಎಷ್ಟು ಎಚ್‌ಪಿ, ಸ್ವಿಂಗ್ (ತಿರುಗಿಸಬಹುದಾದ ಮರದ ಗರಿಷ್ಠ ಅಡ್ಡಳತೆ) ಎಷ್ಟು, ಮರವನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳಾದ ಸೆಂಟರ್‌ಗಳ ನಡುವೆ ಎಷ್ಟು ಇಂಚು ಅಂತ ತಿಂಗಳುಗಟ್ಟಲೆ ಪಟ್ಟಿ ಮಾಡಿದ್ದೆ. ಈ ಲಿವರ್ ಆ ಪಟ್ಟಿಯಲ್ಲೇ ಇರಲಿಲ್ಲ.

ನನ್ನದು 12 ಇಂಚು ಸ್ವಿಂಗಿನ ಮಿಡಿ ಲೇತ್. ವೇಗ ಬದಲಿಸಲು ಐದು ಮೆಟ್ಟಿಲಿನ ಪುಲ್ಲಿ, ಅದರ ಮೇಲೆ ಬೆಲ್ಟ್. ಗುಂಡಿ ತಿರುಗಿಸಿದರೆ ವೇಗ ಬದಲಾಗುವ ಎಲೆಕ್ಟ್ರಾನಿಕ್ ಲೇತ್ ನನ್ನ ಕೈಗೆಟುಕಲಿಲ್ಲ. ಇನ್ನೂ ಚಿಕ್ಕದಾದ ಮಿನಿ ಲೇತ್ ಕೊಳ್ಳದಿರಲು ಕಾರಣ ತೂಕ. ಎರಕದ ಬೆಡ್ ಭಾರವಾದಷ್ಟೂ ಅದುರು ಕಡಿಮೆ, ಉಳಿ ಕೈಯಲ್ಲಿ ನಿಲ್ಲುತ್ತದೆ. ಸ್ವಿಂಗ್ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. 12 ಇಂಚು ಅಂದರೆ ಮರವನ್ನು ತಿರುಗಿಸುವ ದಂಡವಾದ ಸ್ಪಿಂಡಲ್‌ನ ನಡುವಿನಿಂದ ಬೆಡ್‌ಗೆ 6 ಇಂಚು ಜಾಗವಿದೆ ಎಂದಷ್ಟೇ ಅರ್ಥ. ಉದ್ದನೆಯ ತುಂಡು ಕಡೆಯುವಾಗ ಅದರ ಅಡಿಯಲ್ಲಿ ಬ್ಯಾಂಜೊ ಬಂದು ಕೂರುವುದರಿಂದ ಅಷ್ಟು ದಪ್ಪದ ಮರ ತಿರುಗುವುದಿಲ್ಲ. ಬಟ್ಟಲಿನ ವಿಷಯದಲ್ಲೂ 10 ಇಂಚು ದಾಟಿದ ಮೇಲೆ ಟೂಲ್ ರೆಸ್ಟನ್ನು ಹೊರಮೈಯ ಸುತ್ತ ಬಳಸಿ ಹಿಂಬದಿಗೆ ತರುವುದೇ ಹೆಣಗಾಟ. ನನ್ನ ಲೇತ್‌ನಲ್ಲಿ ಹಿತವಾಗಿ ಕಡೆಯಲು ಬರುವ ಅಳತೆ 9 ಇಂಚು.

ಮೊದಲ ಆರು ತಿಂಗಳು ಉಳಿಯ ಹಿಡಿ, ಬುಗುರಿ, ಸಣ್ಣ ಡಬ್ಬಿಗಳನ್ನು ಕಡೆದೆ. ಎಲ್ಲ ಚೆನ್ನಾಗಿತ್ತು. ಬಟ್ಟಲಿಗೆ ಕೈ ಹಾಕಿದ ಮೇಲೆ ಕಷ್ಟ ಶುರುವಾಯಿತು. ಬಟ್ಟಲಿನಲ್ಲಿ ಮರದ ಎಳೆ ಅಡ್ಡಡ್ಡ ಇರುತ್ತದೆ. ಮರ ಒಂದು ಸುತ್ತು ಸುತ್ತುವಷ್ಟರಲ್ಲಿ ಎಳೆಗಳ ಕಡಿದ ತುದಿ ಎರಡು ಸಲ ಉಳಿಗೆ ಎದುರಾಗುತ್ತದೆ, ಎರಡು ಸಲ ಗುದ್ದುತ್ತದೆ. ಆ ಗುದ್ದೆಲ್ಲ ಟೂಲ್ ರೆಸ್ಟ್ ಮೂಲಕ ಬ್ಯಾಂಜೊಗೆ ಇಳಿಯುತ್ತದೆ. ಲಿವರನ್ನು ಕೊನೆಯವರೆಗೆ ಎಳೆದು ಬಿಗಿದಿದ್ದರೂ ಐದು ನಿಮಿಷಕ್ಕೆ ರೆಸ್ಟ್ ದಾರದೆಳೆಯಷ್ಟು ಹಿಂದೆ ಸರಿದಿರುತ್ತಿತ್ತು. ನಿಲ್ಲಿಸಿ, ಸರಿಪಡಿಸಿ, ಮತ್ತೆ ಬಿಗಿದು ಮುಂದುವರಿಯುತ್ತಿದ್ದೆ.

ಒಂದು ಸಂಜೆ 8 ಇಂಚಿನ ಬಟ್ಟಲಿನ ಒಳಭಾಗ ತೋಡುತ್ತಿದ್ದೆ. ಗೋಡೆ ತೆಳುವಾಗುತ್ತಾ ಬಂದಿತ್ತು, ಕೆಲಸ ಚೆನ್ನಾಗಿ ಕೂಡಿಬಂದಿತ್ತು. ಬ್ಯಾಂಜೊ ಒಮ್ಮೆಲೇ ಅರ್ಧ ಇಂಚು ಜಾರಿತು. ರೆಸ್ಟ್‌ಗೂ ಮರಕ್ಕೂ ನಡುವೆ ಬಿಟ್ಟ ಅಂತರದಲ್ಲಿ ಉಳಿಯ ಮೂತಿ ಕೆಳಕ್ಕೆ ಕುಸಿದು ಮರಕ್ಕೆ ಕಚ್ಚಿಕೊಂಡಿತು. ಮರವನ್ನು ಸ್ಪಿಂಡಲ್‌ಗೆ ಹಿಡಿದಿಡುವ ಚಕ್ಕಿನ ಹಲ್ಲುಗಳು ಕಚ್ಚಿದ್ದ ಟೆನನ್, ಅಂದರೆ ಬಟ್ಟಲಿನ ಬುಡದಲ್ಲಿ ಬಿಟ್ಟ ಮೋಟು ತುಂಡು, ಪಟ್ಟನೆ ಮುರಿಯಿತು. ಬಟ್ಟಲು ಬೆಡ್‌ಗೆ ಬಡಿದು ಮೇಲಕ್ಕೆ ಚಿಮ್ಮಿ ನನ್ನ ಫೇಸ್ ಶೀಲ್ಡ್‌ಗೆ ತಾಗಿ ಬಿತ್ತು. ಆ ಗೀರು ಇವತ್ತಿಗೂ ಶೀಲ್ಡ್ ಮೇಲಿದೆ, ನನ್ನ ಬಲಗಣ್ಣಿನ ಎದುರಿಗೇ. ಚಿಕ್ಕ ಬುಗುರಿ ಕಡೆಯುವಾಗಲೂ ಶೀಲ್ಡ್ ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳುವುದು ಇದಕ್ಕೇ. ತಯಾರಕರಿಗೆ ಬರೆದೆ. ಇನ್ನಷ್ಟು ಜೋರಾಗಿ ಬಿಗಿಯಿರಿ ಎಂದು ಉತ್ತರ ಬಂತು. ಆ ದಿನ ಈ ವಿಮರ್ಶೆ ಬರೆದಿದ್ದರೆ ಯಾರೂ ಕೊಳ್ಳಬೇಡಿ ಎಂದೇ ಬರೆಯುತ್ತಿದ್ದೆ.

ಮುಂದಿನ ಭಾನುವಾರ ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಲೇತ್ ಕೆಳಗೆ ಮಲಗಿ ನೋಡಿದೆ. ಲಿವರ್ ತಿರುಗಿಸಿದರೆ ಒಳಗಿನ ಕ್ಯಾಮ್ (ನಡು ತಪ್ಪಿದ ಗಾಲಿ) ಒಂದು ಬೋಲ್ಟನ್ನು ಮೇಲಕ್ಕೆಳೆಯುತ್ತದೆ. ಬೋಲ್ಟಿನ ತುದಿಯಲ್ಲಿರುವ ದಪ್ಪ ಪಟ್ಟಿ ಬೆಡ್‌ನ ತಳಕ್ಕೆ ಅಪ್ಪಿಕೊಳ್ಳುತ್ತದೆ. ಹಿಡಿತವೆಲ್ಲ ಆ ಪಟ್ಟಿಯದೇ. ಬೆಡ್‌ನ ಮೇಲ್ಮೈಯನ್ನು ಕನ್ನಡಿಯ ಹಾಗೆ ನುಣುಪು ಮಾಡಿ ಕೊಟ್ಟಿದ್ದಾರೆ, ಸರಿ. ತಳದಲ್ಲಿ ನೋಡಿದರೆ ಎರಕದ ಗಂಟುಗಳು, ಅವುಗಳ ಮೇಲೆ ಹನಿಗಟ್ಟಿ ಒಣಗಿದ ಪೇಂಟು. ಪಟ್ಟಿ ಕೂತಿದ್ದದ್ದು ಅಂಥ ಮೂರು ಗಂಟುಗಳ ಮೇಲೆ ಮಾತ್ರ. ಪೇಂಟ್ ಕೆರೆದು, ಅರ ತೆಗೆದುಕೊಂಡು ಒಂದೂವರೆ ಗಂಟೆ ತಳವನ್ನು ಉಜ್ಜಿದೆ. ಕಬ್ಬಿಣದ ಪುಡಿ ಕನ್ನಡಕದ ಮೇಲೆಲ್ಲ ಉದುರಿತು. ಆಮೇಲೆ ಬೋಲ್ಟಿನ ತುದಿಯ ಲಾಕ್ ನಟ್ಟನ್ನು ಕಾಲು ಸುತ್ತು ಬಿಗಿದೆ. ಮೊದಲೆಲ್ಲ ಲಿವರ್ ತುದಿ ಮುಟ್ಟಿ ನಿಲ್ಲುತ್ತಿತ್ತು, ಅಂದರೆ ಬಿಗಿ ಬರುವ ಮೊದಲೇ ಕ್ಯಾಮ್‌ನ ಓಟ ಮುಗಿದುಹೋಗುತ್ತಿತ್ತು. ಈಗ ಮುಕ್ಕಾಲು ದಾರಿಯಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಅವತ್ತಿನಿಂದ ರೆಸ್ಟ್ ಕದಲಿಲ್ಲ.

ಕೋಪ ಇಳಿಯಿತು, ಪೂರ್ತಿ ಅಲ್ಲ. ಇಷ್ಟು ಮುಖ್ಯವಾದ ನಟ್ ಕೈಪಿಡಿಯಲ್ಲಿ ಬಿಡಿಭಾಗಗಳ ಚಿತ್ರದ ಒಂದು ಸಂಖ್ಯೆಯಾಗಿ ಮಾತ್ರ ಇದೆ. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು?

ಆ ಸಂಜೆಯ ಅನಾಹುತದಲ್ಲಿ ಅರ್ಧ ಪಾಲು ಮೊಂಡು ಉಳಿಯದು ಎನ್ನುವುದನ್ನೂ ಹೇಳಲೇಬೇಕು. ಹದವಾದ ಉಳಿ ಮರವನ್ನು ತಾನಾಗಿ ಹೆರೆಯುತ್ತದೆ. ಮೊಂಡಾದರೆ ನಾವು ಒತ್ತುತ್ತೇವೆ, ಒತ್ತಿದಷ್ಟೂ ರೆಸ್ಟ್ ಮೇಲೆ ಭಾರ. ಮೊದಲ ಲೇತ್‌ಗೆ ಹಣ ಕೂಡಿಸುವವರು ಅಷ್ಟನ್ನೂ ಲೇತ್‌ಗೇ ಸುರಿಯಬೇಡಿ. ಲೇತ್‌ಗೆ ಕೊಟ್ಟಷ್ಟೇ ಹಣ ನನಗೆ ಚಕ್, ಉಳಿ, ಸಾಣೆಗೂ ಹೋಯಿತು. 8 ಇಂಚಿನ ಬೆಂಚ್ ಗ್ರೈಂಡರ್, ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು, ಕೋನ ತಪ್ಪದಂತೆ ಹಿಡಿಯುವ ಒಂದು ಜಿಗ್. ಸಾಣೆ ಹಿಡಿಯುವ ಮುನ್ನ ಉಳಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯುತ್ತೇನೆ. ಕಲ್ಲಿಗೆ ಒಂದು ಸಲ ಹಗುರವಾಗಿ ತಾಗಿಸಿ ನೋಡಿದರೆ ಬಣ್ಣ ಎಲ್ಲಿ ಅಳಿಸಿದೆ, ಎಲ್ಲಿ ಉಳಿದಿದೆ ಅಂತ ಕಾಣುತ್ತದೆ. ಇಡೀ ಇಳಿಜಾರು ಒಂದೇ ಸಮ ಅಳಿಸಿದರೆ ಕೋನ ಸರಿಯಿದೆ. ಬಟ್ಟಲಿನ ತೋಡುಳಿಯಾದ ಬೌಲ್ ಗೌಜ್‌ಗೆ ನಾನು 55 ಡಿಗ್ರಿ ಇಟ್ಟುಕೊಂಡಿದ್ದೇನೆ, ಬಟ್ಟಲು ಕಡೆಯುವಾಗ ಹದಿನೈದು ನಿಮಿಷಕ್ಕೊಮ್ಮೆ ಕಲ್ಲಿನ ಹತ್ತಿರ ಹೋಗುತ್ತೇನೆ. ಉಳಿಗಳ ಸೆಟ್ಟಿನಲ್ಲಿ ಬರುವ ಅಗಲವಾದ ರಫಿಂಗ್ ಗೌಜ್ ಉದ್ದನೆಯ ತುಂಡುಗಳಿಗೆ ಮಾತ್ರ. ಅದರ ಬುಡ ಹಿಡಿಯೊಳಗೆ ಹೋಗುವಲ್ಲಿ ಸಣ್ಣದಾಗಿರುತ್ತದೆ, ಬಟ್ಟಲಿಗೆ ಹಿಡಿದರೆ ಅಲ್ಲೇ ಮುರಿಯುವ ಅಪಾಯವಿದೆ.

ಸ್ಪಿಂಡಲ್‌ನ ತಿರುಪನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ. ನನ್ನದು 1 ಇಂಚು, ಇಂಚಿಗೆ 8 ಎಳೆ. ಕೆಲವದರಲ್ಲಿ ಎಂ33 × 3.5, ಅಂದರೆ 33 ಮಿ.ಮೀ. ದಪ್ಪ, 3.5 ಮಿ.ಮೀ.ಗೊಂದು ಎಳೆ ಇರುತ್ತದೆ. ಇವೆರಡಕ್ಕೂ ಚಕ್, ಮರವನ್ನು ಸ್ಕ್ರೂ ಹಾಕಿ ಕೂರಿಸುವ ಫೇಸ್‌ಪ್ಲೇಟ್ ಸುಲಭವಾಗಿ ಸಿಗುತ್ತವೆ. ಸ್ಪಿಂಡಲ್ ಒಳಗೆ ಸೆಂಟರ್ ಕೂರುವ ಇಳಿಜಾರು ತೂತು (ಟೇಪರ್) ಮೋರ್ಸ್ ಎಂಬ ಅಳತೆಪದ್ಧತಿಯ ಎರಡನೇ ನಂಬರಿನದಾಗಿದ್ದರೆ ಮುಂದೆ ದೊಡ್ಡ ಲೇತ್‌ಗೆ ಹೋದರೂ ಸೆಂಟರ್‌ಗಳು ಬಳಕೆಗೆ ಬರುವ ಸಾಧ್ಯತೆ ಹೆಚ್ಚು.

ಇನ್ನು ವೇಗ. ಮರದ ಅಡ್ಡಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿದರೆ 6000ದಿಂದ 9000ದ ನಡುವೆ ಬರಬೇಕು ಎಂದು ಕಡೆಯುವವರಲ್ಲಿ ಒಂದು ಲೆಕ್ಕವಿದೆ. 8 ಇಂಚಿಗೆ 750ರಿಂದ 1125. ಇದು ಮರ ದುಂಡಗಾಗಿ, ತೂಕ ಸಮವಾದ ಮೇಲಿನ ಮಾತು. ಗರಗಸದಿಂದ ಈಗಷ್ಟೇ ಕೊಯ್ದ ಸೊಟ್ಟ ದಿಮ್ಮಿಗೆ ಇದಕ್ಕಿಂತ ಬಹಳ ಕಡಿಮೆ ಬೇಕು. ನನ್ನ ಲೇತ್‌ನ ಕನಿಷ್ಠ ವೇಗ 500. ಮೊದಲ ಸಲ ಹಸಿ ದಿಮ್ಮಿ ಏರಿಸಿ ಸ್ವಿಚ್ ಹಾಕಿದಾಗ ಸ್ಟ್ಯಾಂಡ್ ಸಮೇತ ಇಡೀ ಲೇತ್ ನೆಲದ ಮೇಲೆ ಒಂದು ಗೇಣು ನಡೆಯಿತು. ಆಮೇಲೆ ಸ್ಟ್ಯಾಂಡ್‌ನ ಕೆಳಹಲಗೆಗೆ ಮರಳಿನ ಚೀಲಗಳನ್ನು ಹೇರಿದೆ, ದಿಮ್ಮಿಯ ಮೂಲೆಗಳನ್ನು ಕೈಗರಗಸದಿಂದ ಕೊಯ್ದು ಎಂಟು ಮೂಲೆ ಮಾಡಿಯೇ ಏರಿಸತೊಡಗಿದೆ. ಅದುರು ತಡೆಯುವ ಮಟ್ಟಕ್ಕೆ ಇಳಿಯಿತು. ಗರಿಷ್ಠ ವೇಗ ನೋಡಿ ಲೇತ್ ಹೋಲಿಸುವವರು ಕನಿಷ್ಠ ವೇಗವನ್ನು ಮೊದಲು ನೋಡಬೇಕು. ಎಲೆಕ್ಟ್ರಾನಿಕ್ ವೇಗ ನಿಯಂತ್ರಣ ಕೊಳ್ಳಲಾದರೆ ಕೊಳ್ಳಿ, ಆದರೆ ಅದರಲ್ಲೂ ನಿಧಾನಕ್ಕೆ ಬಲ ಬೇಕೆಂದರೆ ಬೆಲ್ಟನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಬೇಕಾಗುತ್ತದೆ.

ಬೆಲ್ಟ್ ಬದಲಿಸುವ ಕೆಲಸ ಬೇಸರ ತರುತ್ತದೆ ಎಂದುಕೊಂಡಿದ್ದೆ. ಪುಟ್ಟ ಬಾಗಿಲು ತೆಗೆದು, ಮೋಟಾರನ್ನು ಎತ್ತಿ ಬೆಲ್ಟ್ ಸಡಿಲ ಮಾಡಿ, ಬೆರಳಲ್ಲಿ ಪಕ್ಕದ ಮೆಟ್ಟಿಲಿಗೆ ದಾಟಿಸಿ, ಕೈಯಿಂದ ಸ್ಪಿಂಡಲ್ ಒಂದು ಸುತ್ತು ತಿರುಗಿಸಿ ಸರಿಯಾಗಿ ಕೂತಿದೆಯೋ ನೋಡುವುದು, ಅರ್ಧ ನಿಮಿಷ. ಈಗ ಅದು ನನಗೆ ಇಷ್ಟದ ಕೆಲಸ. ಆ ಅರ್ಧ ನಿಮಿಷದಲ್ಲಿ ಮರದಲ್ಲಿ ಬಿರುಕಿದೆಯೇ, ಚಕ್ ಬಿಗಿಯಾಗಿದೆಯೇ ಎಂದು ಕಣ್ಣು ತಾನಾಗಿ ಹೋಗುತ್ತದೆ. ಕೆಲಸಕ್ಕೆ ಮೊದಲು ಇನ್ನೆರಡು ಸಂಗತಿ ತಪ್ಪಿಸುವುದಿಲ್ಲ. ಟೂಲ್ ರೆಸ್ಟ್‌ನ ಅಂಚಿನ ಮೇಲೆ ಉಗುರೆಳೆಯುತ್ತೇನೆ. ಉಳಿಯ ಮೂಲೆಗಳು ಬಡಿದು ಅಲ್ಲಿ ಸಣ್ಣ ತೊಡಕುಗಳಾಗಿರುತ್ತವೆ, ಉಗುರು ಎಲ್ಲಿ ನಿಲ್ಲುತ್ತದೋ ಅಲ್ಲಿ ಉಳಿಯೂ ಎಡವುತ್ತದೆ. ನಯವಾದ ಅರದಿಂದ ನಾಲ್ಕು ಸಲ ಎಳೆದರೆ ಸಾಕು. ಆಮೇಲೆ ರೆಸ್ಟ್‌ಗೂ ಬೆಡ್‌ನ ಮೇಲ್ಮೈಗೂ ಚೂರು ಮೇಣ ಸವರಿ ಬಟ್ಟೆಯಿಂದ ಒರೆಸುತ್ತೇನೆ. ತಳಕ್ಕೆ ಮಾತ್ರ ಹಚ್ಚುವುದಿಲ್ಲ, ಅಲ್ಲಿ ಹಿಡಿತ ಬೇಕು. ಎರಡು ಬೆರಳಿನಿಂದ ತಳ್ಳಿದರೆ ಬ್ಯಾಂಜೊ ನೀರಿನ ಮೇಲೆ ಹೋದಂತೆ ಹೋಗುತ್ತದೆ, ಲಿವರ್ ಎಳೆದರೆ ಬಂಡೆಯಂತೆ ನಿಲ್ಲುತ್ತದೆ.

ಹಸಿ ಮರ ಇಷ್ಟು ಸುಖ ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ. ಒಣಮರ ಕಡೆದರೆ ದೂಳು, ಮಾಸ್ಕ್ ಬೇಕೇ ಬೇಕು. ಗಾಳಿಗೆ ಬಿದ್ದ ಕೊಂಬೆಯ ಹಸಿ ತುಂಡಿಗೆ ಹದವಾದ ಉಳಿ ತಾಗಿಸಿದರೆ ಮೊಳದುದ್ದದ ಸುರುಳಿಗಳು ಹೆಗಲ ಮೇಲೆ ಹಾರಿ ಬೀಳುತ್ತವೆ. ಮರದೊಳಗಿನ ನೀರು ತುಂತುರಾಗಿ ಮುಂಗೈಗೆ ಸಿಡಿಯುತ್ತದೆ, ಸದ್ದು ಕೂಡ ಮೆತ್ತಗೆ. ಕೆಲಸ ಮುಗಿದ ಕೂಡಲೇ ಬೆಡ್ ಒರೆಸಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಕಬ್ಬಿಣದ ಮೇಲೆ ಕಪ್ಪು ಕಲೆ. ಬಟ್ಟಲಿನ ಗೋಡೆಯನ್ನು ಅಡ್ಡಳತೆಯ ಹತ್ತನೇ ಒಂದು ಪಾಲು ದಪ್ಪ ಬಿಟ್ಟು, ಕಡಿದ ಎಳೆಗಳಿಗೆ ಮೇಣ ಬಳಿದು, ತೂಕ ನೋಡಿ ತಳದಲ್ಲಿ ಪೆನ್ಸಿಲ್‌ನಿಂದ ಬರೆದು ನೆರಳಲ್ಲಿಡುತ್ತೇನೆ. ವಾರ ವಾರ ತೂಕ ಇಳಿಯುತ್ತದೆ. ಇಳಿಯುವುದು ನಿಂತ ಮೇಲೆ ಮತ್ತೆ ಲೇತ್‌ಗೆ ಏರಿಸಿ, ಸೊಟ್ಟಗಾದದ್ದನ್ನು ದುಂಡಗೆ ಮಾಡಿ ಮುಗಿಸುವುದು. ನನ್ನ ಕಪಾಟಿನಲ್ಲಿ ಈಗ ಅಂಥ ಹನ್ನೊಂದು ಬಟ್ಟಲುಗಳಿವೆ.

ಕುರ್ಚಿಯ ಕಾಲಿನಂಥ ಉದ್ದದ ಕೆಲಸ ಮಾಡುವವರಿಗೆ ಈ ಅಳತೆಯ ಲೇತ್ ಸಾಲದು, ಬೆಡ್ ಉದ್ದ ಮಾಡುವ ಜೋಡಣೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮರದ ಇನ್ನೊಂದು ತುದಿಗೆ ಆನಿಕೆಯಾಗುವ ಟೇಲ್‌ಸ್ಟಾಕ್ ಮೇಲಿನ ಅಳತೆಯ ಸ್ಟಿಕರ್ ಎರಡನೇ ವರ್ಷಕ್ಕೇ ಕಿತ್ತುಬಂತು. ಬೇರಿಂಗ್ ಇನ್ನೂ ಸದ್ದು ಮಾಡುತ್ತಿಲ್ಲ, ಬೆಲ್ಟ್ ಒಮ್ಮೆ ಬದಲಿಸಿದ್ದೇನೆ. ಇನ್ನೊಂದೆರಡು ವರ್ಷಕ್ಕೆ ನಿಧಾನ ವೇಗ ಇರುವ ದೊಡ್ಡ ಲೇತ್‌ಗೆ ಹಣ ಕೂಡಬಹುದು. ಅದನ್ನು ನೋಡಲು ಹೋಗುವಾಗ ಜೇಬಿನಲ್ಲಿ ಟಾರ್ಚ್ ಇಟ್ಟುಕೊಂಡು ಹೋಗುತ್ತೇನೆ, ಸ್ವಿಚ್ ಹಾಕಿಸುವ ಮೊದಲು ಬಗ್ಗಿ ಬೆಡ್‌ನ ತಳಕ್ಕೆ ಬೆರಳಾಡಿಸಿ ನೋಡಬೇಕು.